ಹಗ್ಗದ ಮೇಲೆ ಹಾಕಿದ ತಪ್ಪು

ಕಾಕಾರ ಎರಡೂ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳ ಸಹವಾಸ ಬಿಟ್ಟು ದೂರ ಸರಿದು ನಿಂತಿದ್ದವು. ನಡುವೆ ಒಂದು ನಿಂಬೆಹಣ್ಣು ಇಡಬಹುದಿತ್ತು. ಚಿಕ್ಕಂದಿನಿಂದ ಬರಿಗಾಲಲ್ಲಿ ಮರ ಹತ್ತಿ ಹತ್ತಿ ಹಾಗಾಗಿತ್ತು. ಯಾವ ಅಂಗಡಿಯ ಚಪ್ಪಲಿಯೂ ಅವರಿಗೆ ಹೊಂದುತ್ತಿರಲಿಲ್ಲ. "ನನ್ನ ಕಾಲಿಗೆ ಚಪ್ಪಲ್ ಹೊಲಿಯಾಂವ ಅಳತಿ ತಗೊಳ್ಳಾಕ ಮರಾ ಹತ್ತಿ ಬರಬೇಕು" ಎಂದು ನಗುತ್ತಿದ್ದರು.

ಅವರು ನನಗೆ ಬಳಗದವರಲ್ಲ. ಘಟಪ್ರಭಾ ಊರಿನಲ್ಲಿ ಎಲ್ಲರಿಗೂ ಅವರು ಕಾಕಾ. ಮನೆಯ ಮೇಲೆ, ಬಾವಿಯ ಮೇಲೆ, ತಂತಿಯ ಮೇಲೆ ಬಾಗಿದ ಕೊಂಬೆಗಳನ್ನು ಇಳಿಸುವುದು ಅವರ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವರನ್ನು ಕರೆಯುತ್ತಿದ್ದರು. ಯಾರಾದರೂ "ಮರಾ ಕಡಿಯೋ ಕಾಕಾ" ಎಂದರೆ ತಿದ್ದುತ್ತಿದ್ದರು: "ಕಡಿಯಾಂವ ಅಲ್ರಿ, ಹಗರ ಮಾಡಾಂವ."

ನಾನಾಗ ಗೋಕಾಕದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ. ಒಂದು ತಿಂಗಳು ಎಲ್ಲಾದರೂ ಕೆಲಸ ಮಾಡಿ ವರದಿ ಬರೆಯಬೇಕಿತ್ತು. ಗೆಳತಿಯರು ನರ್ಸರಿಗಳಿಗೆ ಹೋದರು. ನಾನು ಕಾಕಾರ ಬಳಿಗೆ ಹೋದೆ. ಅವರ ಗುಂಪೆಂದರೆ ಅವರು ಮತ್ತು ಅವರ ಅಳಿಯ, ಇಬ್ಬರೇ. ಅಳಿಯ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮಾವಾರ, ಕಾಲೇಜು ನಮ್ಮ ಟೆಂಪೋಕ್ಕ ಬಂದೈತಿ" ಎಂದ. ಅಂದಿನಿಂದ ನನ್ನ ಹೆಸರೇ ಕಾಲೇಜು.

ಕಾಕಾ ಒಂದೇ ಪ್ರಶ್ನೆ ಕೇಳಿದರು. "ಮನ್ಯಾಗ ದನಾ ಅದಾವೇನು, ಯವ್ವಾ?"

"ಅದಾವ್ರಿ. ನಮ್ಮೂರ ಮೇಲವಂಕ್ಯಾಗ ನಾಕ ಎಮ್ಮಿ. ನೀರಿಗಿ ನಾನ ಹೊಡಕೊಂಡ ಹೋಗಾಕಿ."

"ಹಂಗಾದ್ರ ಹಗ್ಗದ ಕೂಡ ಜಗಳಾ ಆಡಿ ಗೊತ್ತೈತಿ. ಬಾ."

ಮೊದಲ ದಿನದ ಕೆಲಸ ಕಲ್ಲೋಳಿಯ ಹೊರಗೆ, ಒಂದು ತೋಟದ ಮನೆಯಲ್ಲಿ. ಹಿತ್ತಲಿನ ಹಳೆಯ ಹುಣಸೆಮರದ ಒಂದು ಕೊಂಬೆ ದನದ ಕೊಟ್ಟಿಗೆಯ ತಗಡಿನ ಪತ್ರಾದ ಮೇಲೆ ಮಲಗುವಷ್ಟು ಬಾಗಿತ್ತು. ಮರ ಹತ್ತುವ ಮೊದಲು ಕಾಕಾ ಹಗ್ಗವನ್ನು ಅಂಗಳದ ಉದ್ದಕ್ಕೂ ಹಾಸಿದರು. ಮನೆಯ ಯಜಮಾನರನ್ನು ಕರೆದು, ಈ ತುದಿಯಿಂದ ಆ ತುದಿಯವರೆಗೆ ಅದನ್ನು ಬೆರಳುಗಳ ನಡುವೆ ಹಾಯಿಸಿ ನೋಡಲು ಹೇಳಿದರು. ಎಲ್ಲಿ ಹೋದರೂ ಇದು ಅವರ ಪದ್ಧತಿ. "ನಿಮ್ಮ ಮನಿ ಮ್ಯಾಲಿನ ಕೆಲಸ ಐತಿ. ನನ್ನ ಮಾತ ನಂಬಬ್ಯಾಡ್ರಿ, ನಿಮ್ಮ ಕೈ ನಂಬ್ರಿ." ಹಗ್ಗದಲ್ಲಿ ಒಂದು ಎಳೆ ಎದ್ದಿದ್ದರೂ ಅವತ್ತು ಮರ ಹತ್ತುತ್ತಿರಲಿಲ್ಲ. ಮೂರು ತಾಲ್ಲೂಕಿನಲ್ಲಿ ಅವರ ಹೆಸರು ನಿಂತಿದ್ದು ಆ ಹಗ್ಗದ ಮೇಲೆಯೇ.

ಕೆಲಸದ ರೀತಿ ಸರಳವಾಗಿತ್ತು. ಹಗ್ಗದ ಒಂದು ತುದಿ ಇಳಿಸಬೇಕಾದ ಕೊಂಬೆಗೆ. ಅಲ್ಲಿಂದ ಅದು ಮೇಲಿನ ಕವಲೊಂದನ್ನು ಹಾದು ಕೆಳಗೆ ಬಂದು, ಮರದ ಬುಡಕ್ಕೆ ಎರಡು ಸುತ್ತು ಸುತ್ತಿ, ನೆಲದ ಮೇಲೆ ನಿಂತವರ ಕೈಗೆ ಸೇರುತ್ತದೆ. ಕೊಂಬೆ ಕಳಚಿದಾಗ ಭಾರವೆಲ್ಲ ಹಗ್ಗದ ಮೇಲೆ. ಕೆಳಗಿನವರು ತುಸುತುಸುವೇ ಸಡಿಲಿಸುತ್ತ ಅದನ್ನು ಅಂಗಳಕ್ಕೆ ಇಳಿಸಬೇಕು. ಕಾಕಾ ಮರಕ್ಕೆ ಕಾಲು ಕೊಡುವ ಮುನ್ನ ನನಗೊಂದು ಮಾತು ಹೇಳಿದರು: "ಹಗ್ಗ ಕೈಯಾಗ ಇರಬೇಕು. ಕೈ ಹಗ್ಗದಾಗ ಇರಬಾರದು." ಮಾತು ಚೆನ್ನಾಗಿದೆ ಎನ್ನಿಸಿ ವರದಿಗೆಂದು ಬರೆದುಕೊಂಡೆ.

ಅಳಿಯ ಹಗ್ಗ ಹಿಡಿದಿದ್ದ. ಕಾಕಾ ತೊಗಟೆ ಸೀಳಬಾರದೆಂದು ಕೊಂಬೆಯನ್ನು ಮೊದಲು ಅಡಿಯಿಂದ ಕೊಯ್ದು, ಆಮೇಲೆ ಮೇಲಿನಿಂದ ಗರಗಸ ಹಚ್ಚಿದರು. ಆಗಲೇ ಎಲ್ಲಿಂದಲೋ ಕರುವೊಂದು ಕಣ್ಣಿ ಬಿಚ್ಚಿಕೊಂಡು ನೇರ ಕೊಂಬೆಯ ಕೆಳಗೆ ಬಂದು ನಿಂತಿತು. "ಹಿಡಿ, ಕಾಲೇಜ!" ಎಂದು ಅಳಿಯ ಹಗ್ಗ ನನ್ನ ಕೈಗಿಟ್ಟು ಕರುವಿನತ್ತ ಓಡಿದ.

ನಾನು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ.

ಯೋಚಿಸಿ ಮಾಡಿದ್ದಲ್ಲ. ಎಮ್ಮೆ ಜಗ್ಗಿದಾಗ ನಮ್ಮ ಕಡೆಯ ಹುಡುಗಿಯರ ಕೈ ಮಾಡುವುದೇ ಅದು. ಜಾರಬಾರದು, ಬಿಡಬಾರದು ಎಂದು ನನ್ನ ಕೈಗೆ ಗೊತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

ಮರ ಒಮ್ಮೆ ಲಟಕ್ಕೆಂದಿತು. ಕಾಕಾ ಕೆಳಗೆ ನೋಡಿದರು. "ಕೈ ಬಿಡು! ಯವ್ವಾ, ಕೈ!" ಎಂದದ್ದು ಕೇಳಿಸಿತು. ಬಿಡಲು ಆಗಲಿಲ್ಲ. ಸುತ್ತು ಬಿಗಿದು ಬೆರಳುಗಳು ಒಂದರ ಮೇಲೊಂದು ಏರಿದ್ದವು. ಹಗ್ಗ ನನ್ನನ್ನು ಬುಡದ ಕಡೆಗೆ ಎಳೆಯತೊಡಗಿತು. ಕೈಗೂ ಮರಕ್ಕೂ ನಡುವೆ ಒಂದು ಮೊಳ ಉಳಿಯಿತು, ಆಮೇಲೆ ಒಂದು ಗೇಣು. ಆ ಗೇಣನ್ನು ನಾನು ಇಂದಿಗೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ ಮತ್ತೆ ಮತ್ತೆ ನೋಡುತ್ತೇನೆ.

ಅಷ್ಟರಲ್ಲಿ ಹಗ್ಗ ಸತ್ತ ಹಾವಿನಂತೆ ಸಡಿಲಾಯಿತು. ಕಾಕಾ ಸೊಂಟದಲ್ಲಿದ್ದ ಬಾಗು ಮಚ್ಚು, ಕೊಯ್ತಾ, ತೆಗೆದು ಮೇಲಿನಿಂದಲೇ ಹಗ್ಗವನ್ನು ಕಡಿದಿದ್ದರು. ಕೊಂಬೆ ಹಾಗೇ ಕೊಟ್ಟಿಗೆಯ ಮೇಲೆ ಬಿದ್ದು ಪತ್ರಾ ನಡುವೆ ಮಡಚಿಹೋಯಿತು. ಒಳಗೆ ದನಗಳಿರಲಿಲ್ಲ. ಕರುವನ್ನು ಅಳಿಯ ಅಪ್ಪಿಕೊಂಡು ಕೂತಿದ್ದ. ಸದ್ದೆಲ್ಲ ಅಡಗಿದ ಮೇಲೂ ಸಣ್ಣ ಹುಣಸೆ ಎಲೆಗಳು ಬಹಳ ಹೊತ್ತು ಉದುರುತ್ತಲೇ ಇದ್ದವು.

ಕಾಕಾ ಇಳಿದು ಬಂದು ನನ್ನ ಕೈಯ ಸುತ್ತು ಬಿಡಿಸಿದರು. "ಒಂದೊಂದ ಬೆರಳ ಮಡಚು. ಹೂಂ. ಇನ್ನೊಂದು." ಐದೂ ಮಡಚಿದ ಮೇಲೆ ಉಸಿರು ಬಿಟ್ಟರು. ಆಮೇಲೆ ಮಾಡಿದ್ದನ್ನು ನೋಡಿದವರು ನಾನು ಮತ್ತು ಅಳಿಯ ಇಬ್ಬರೇ. ಕೊಯ್ತಾ ಕಡಿದ ಹಗ್ಗದ ತುದಿ ನುಣುಪಾಗಿತ್ತು. ಅದನ್ನು ಹೆಬ್ಬೆರಳಿನ ಉಗುರಿನಿಂದ ಎಳೆಎಳೆಯಾಗಿ ಹಿಂಜಿದರು. ಅಳಿಯ ಬಾಯಿ ತೆರೆದ. ಕಾಕಾ ಅವನತ್ತ ಒಮ್ಮೆ ನೋಡಿದರು. ಬಾಯಿ ಮುಚ್ಚಿತು.

ಸದ್ದು ಕೇಳಿ ಯಜಮಾನರು ಮುಂಬಾಗಿಲಿನಿಂದ ಓಡಿ ಬಂದರು. "ಏನಾತೋ ಇದು?"

"ಹಗ್ಗ ಹರೀತ್ರಿ ಸಾಹುಕಾರ್ರ. ಒಳಗಿನ ಎಳಿ ಸೋತಿತ್ತು. ತಪ್ಪು ನಂದು."

"ಮುಂಜಾನೆ ನನ್ನ ಕೈಲೆ ಮುಟ್ಟಿಸಿದ್ದು ಬರೇ ನಾಟಕೇನು ಹಂಗಾರ?"

ಕಾಕಾ ತಲೆ ತಗ್ಗಿಸಿದರು. ಅಂಥ ಮಾತನ್ನು ಅವರಿಗೆ ಯಾರೂ ಆಡಿರಲಿಲ್ಲ ಎಂದು ಆಮೇಲೆ ಅಳಿಯ ಹೇಳಿದ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಎರಡು ದಿನ ಅಲ್ಲೇ ನಿಂತು ಮೂವರೂ ಪತ್ರಾ ಸರಿಮಾಡಿಕೊಟ್ಟೆವು.

ಮರಳುವಾಗ ಟೆಂಪೋದಲ್ಲಿ ಅಳುತ್ತ ಕೇಳಿದೆ, "ಯಾಕ ಹಂಗ ಹೇಳಿದ್ರಿ, ಕಾಕಾ?"

"ಹಗ್ಗಕ್ಕೇನು, ಅದಕ್ಕ ಸಾಲಿ ಇಲ್ಲ, ಮದುವಿ ಇಲ್ಲ. ಅದರ ಮ್ಯಾಲೆ ತಪ್ಪು ಹಾಕಿದ್ರ ಅದೇನ ಅಳತೈತಿ?"

ಆದರೆ ಮಾತು ನಮಗಿಂತ ಮುಂಚೆ ಊರೂರು ತಿರುಗಿತು. ಮೂಡಲಗಿಯಲ್ಲಿ ನಿಗದಿಯಾಗಿದ್ದ ಎರಡು ಕೆಲಸ ತಪ್ಪಿದವು. ಕಾಕಾ ಮನೆಯಲ್ಲಿ ಕೂತು ಗರಗಸದ ಹಲ್ಲು ಮಸೆದರು. ಹದಿನೈದು ದಿನಗಳ ಮೇಲೆ ಹುಕ್ಕೇರಿ ಕಡೆಯ ಹಳ್ಳಿಯೊಂದರಿಂದ ಕರೆ ಬಂತು. ಬಾವಿಯ ಮೇಲೆ ಬಾಗಿದ ಬೇವಿನಮರ. ಕಾಕಾ ಹೊಸ ಹಗ್ಗ ಹಾಸುವಷ್ಟರಲ್ಲಿ ಆ ಮನೆಯ ಮುದುಕಿ ಹೊರಬಂದರು.

"ಕಲ್ಲೋಳ್ಯಾಗ ಹಗ್ಗ ಹರಕೊಂಡಾಂವ ನೀನ ಅಲ್ಲಾ? ನಮ್ಮ ಬಾವಿ ಕಟ್ಟಿ ಒಡದ್ರ ನಿಮ್ಮಪ್ಪ ಕಟ್ಟಿಕೊಡತಾನೇನ? ಬ್ಯಾಡೋ ಮಾರಾಯಾ, ನಡಿ."

ಕಾಕಾ ಹಗ್ಗ ಸುತ್ತತೊಡಗಿದರು. ಅವರು ಬಾಗಿದ್ದನ್ನು ನೋಡಲಾಗಲಿಲ್ಲ.

"ಹಗ್ಗ ಹರದಿಲ್ರಿ, ಅವ್ವಾರ" ಎಂದೆ. "ನಾನ ಎಮ್ಮಿ ಹಗ್ಗದಗತೆ ಕೈಗಿ ಸುತಗೊಂಡಿದ್ನಿ. ನನ್ನ ಕೈ ಹೋಗತಿತ್ತು. ಕಾಕಾ ಕಡದ್ರು."

ಮುದುಕಿ ನನ್ನ ಕೈ ಹಿಡಿದು ಅಂಗೈ ತಿರುವಿ ನೋಡಿದರು. ಹಗ್ಗದ ಬರೆ ಇನ್ನೂ ಕಪ್ಪಗಿತ್ತು. ಆಮೇಲೆ ಕಾಕಾರತ್ತ ತಿರುಗಿ, "ಹತ್ತು ಹಂಗಾರ. ಆದ್ರ ಈ ಹುಡಿಗಿನ್ನ ದೂರ ಕುಂಡ್ರಸು" ಎಂದರು.

"ಇಲ್ರಿ" ಎಂದರು ಕಾಕಾ. "ಆಕಿ ಹಗ್ಗ ಹಿಡದ್ರ ಹತ್ತತೇನಿ. ಇಲ್ಲಂದ್ರ ನಿಮ್ಮ ಮರಾ ನಿಮಗಿರಲಿ."

ಮುದುಕಿ ಹೂಂಗುಟ್ಟಿದರು. ಅಳಿಯ ಹಗ್ಗದ ತುದಿಯನ್ನು ನನಗೆ ಕೊಟ್ಟು ಪಕ್ಕಕ್ಕೆ ಸರಿದ. ಕಾಕಾ ಮರ ಹತ್ತಿ ನಿಂತಿದ್ದ ಜಾಗ ಬಾವಿಯ ನೇರ ಮೇಲಿತ್ತು. ಕೊಂಬೆ ತಪ್ಪಿ ತೂಗಿದರೆ ಅವರನ್ನೇ ತಳ್ಳಿಕೊಂಡು ಹೋಗುತ್ತಿತ್ತು. ಅವರು ಒಮ್ಮೆಯೂ ಕೆಳಗೆ ನೋಡದೆ ಕೊಯ್ಯುತ್ತಲೇ ಇದ್ದರು. ಮರ ಲಟಕ್ಕೆಂದಿತು. ಭಾರ ಬಂತು. ಹಗ್ಗ ಅಂಗೈ ಸುಡುತ್ತ ಜಾರಿತು, ನಾನು ಅದನ್ನು ಜಾರಗೊಟ್ಟೆ. ಕೊಂಬೆ ಬಾವಿಯ ಕಟ್ಟೆ ದಾಟಿ ಅಂಗಳದಲ್ಲಿ ಮೆತ್ತಗೆ ಕೂತಿತು.

ಕಾಕಾ ತೀರಿಕೊಂಡು ಎಂಟು ತಿಂಗಳಾಯಿತು. ಮೂರು ದಿನದ ಜ್ವರ, ಅಷ್ಟೇ. ನನ್ನ ಐದು ಬೆರಳಿಗಾಗಿ ಅವರು ಮಾಡಿದ್ದನ್ನು ಎಂದಾದರೂ ಮರೆತರೂ ಮರೆತೇನು. ಆದರೆ ಆ ದಿನ, ಬಾವಿಯ ಮೇಲೆ ನಿಂತು, ತಪ್ಪು ಮಾಡಿದ ಅದೇ ಕೈಗೆ ತಮ್ಮ ಜೀವ ಕೊಟ್ಟು ಅವರು ಮೇಲಿನಿಂದ ಕೂಗಿದ ಇಷ್ಟು ಮಾತನ್ನು ಮರೆಯಲಾರೆ:

"ಏ ಕಾಲೇಜ, ನಿದ್ದಿ ಮಾಡತೀ ಏನು? ಹಗ್ಗ ಮ್ಯಾಲೆ ಕಳಸು, ಇನ್ನೊಂದ ಟೊಂಗಿ ಐತಿ."