ಬಿರುಕಿನ ಮೇಲೊಂದು ಗಾಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕು ಅಂತಸ್ತಿನ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಮುದುಕರೊಬ್ಬರು ಮಂಡಿಯೂರಿದ್ದಾರೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕಂಬದ ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ತೆಳು ಗಾಜೊಂದನ್ನು ಅಂಟಿಸುತ್ತಿದ್ದಾರೆ. ನಲ್ಲಿ ನೀರಿಗೆ ಬಂದ ಹೆಂಗಸು ಕೊಡ ಸೊಂಟಕ್ಕೇರಿಸಿ ನಿಲ್ಲುತ್ತಾಳೆ.

"ಏನ್ ಮೇಷ್ಟ್ರೇ, ಕಂಬಕ್ಕೆ ಕನ್ನಡಕ ಹಾಕಿದ್ದಾಯ್ತಾ?"

ಮುದುಕರು ಟಾರ್ಚನ್ನು ಬಾಯಿಂದ ತೆಗೆಯುತ್ತಾರೆ: "ಹಾಕ್ದೆ ತಾಯಿ. ಇನ್ನು ಅದೇ ನಿಮ್ಮನ್ನೆಲ್ಲ ನೋಡ್ಕೋಬೇಕು."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಿವಿಲ್ ಎಂಜಿನಿಯರಿಂಗ್ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರು ಇವರು. ಕಾಲೇಜಿನಲ್ಲಿ 'ಕಾಂಕ್ರೀಟ್ ಮೇಷ್ಟ್ರು', ಇಲ್ಲಿನ ಮಕ್ಕಳ ಬಾಯಲ್ಲಿ 'ಗಾಜಜ್ಜ'. ಅಂಟಿಸುವ ಗಾಜು ಅವರದೇ ದುಡ್ಡಿನದು. ಬಿರುಕು ಕೂದಲೆಳೆಯಷ್ಟು ಬೆಳೆದರೂ ಅದು ಒಡೆಯುತ್ತದೆ. "ಸುಣ್ಣ ಬಳಿದ್ರೆ ಗೋಡೆ ಸುಳ್ಳು ಹೇಳುತ್ತೆ. ಗಾಜಿಗೆ ಸುಳ್ಳು ಬರಲ್ಲ" ಎನ್ನುತ್ತಾರೆ.

ಇವರ ತಾಯಿ ಊರವರ ಮನೆಗಳಿಗೆಲ್ಲ ಗಾರೆ ಹೊತ್ತವರು. ತಾವು ಸತ್ತದ್ದು ತಗಡಿನ ಸೂರಿನಡಿ. ಮೊದಲ ದಿನದ ತರಗತಿಯಲ್ಲಿ ಮೇಷ್ಟ್ರು ಪ್ರತಿ ವರ್ಷ ಹೇಳುತ್ತಿದ್ದದ್ದು ಒಂದೇ ಮಾತು: "ಕೆಳಗೆ ಮಲಗಿರೋರ ಮೇಲೆ ಏನೂ ಬೀಳಬಾರದು. ಇಷ್ಟೇ ಈ ಓದು."

ಆದರೆ ಬಿತ್ತು. ಅದೂ ಅವರ ಕಣ್ಣಳತೆಯಲ್ಲೇ.

ಕಾಲೇಜಿನ ಪ್ರಯೋಗಾಲಯದ ಪಕ್ಕ, ಹಳೇ ಮೊಗಸಾಲೆಯ ತೊಲೆಯ ಕೆಳಗೆ ಚಹಾ ಅಂಗಡಿಯೊಂದಿತ್ತು. ತೊಲೆಯಲ್ಲಿ ಓರೆಯಾಗಿ ಒಂದು ಬಿರುಕು. ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? ಪ್ರತಿ ವರ್ಷ ಹುಡುಗರನ್ನು ಕರೆತಂದು ಕೊಡೆಯ ತುದಿಯಿಂದ ತೋರಿಸುತ್ತಿದ್ದರು: "ಇಂಥ ಬಿರುಕು ಹೇಳಿ ಬೀಳಿಸಲ್ಲ." ಕೆಳಗೇ ನಿಂತು ಲೋಟ ತೊಳೆಯುತ್ತಿದ್ದ ಚಹಾದವನು ನಗುತ್ತಿದ್ದನಂತೆ: "ನಮ್ಮ ತೊಲೆಗೂ ಹಾಜರಿ ಹಾಕ್ಬಿಡಿ ಸಾರ್, ಒಂದು ದಿನವೂ ತಪ್ಪಿಸ್ಕೊಂಡಿಲ್ಲ!"

ರಜೆಯಲ್ಲೊಂದು ಬೆಳಿಗ್ಗೆ ತೊಲೆ ಬಿತ್ತು. ಹಾಲು ಕಾಯಿಸಲು ಬಂದಿದ್ದವನು ಅದರಡಿಯಲ್ಲೇ ಹೋದ.

"ಅಷ್ಟೂ ಬ್ಯಾಚಿಗೆ ಹೇಳ್ದೆ. ಅವನಿಗೆ ಮಾತ್ರ ಹೇಳ್ಲಿಲ್ಲ" ಎಂದು ಮೇಷ್ಟ್ರು ಟಾರ್ಚನ್ನು ಸುಮ್ಮನೆ ಹಚ್ಚಿ ಆರಿಸುತ್ತಾರೆ. "ಪಾಠಕ್ಕೆ ಬೇಕು ಅಂತ ಬಿರುಕನ್ನ ಕಾಪಾಡ್ದೆ. ಕೆಳಗೆ ಒಬ್ಬ ನಿಂತಿದ್ದಾನೆ ಅಂತ ಹೊಳೀಲೇ ಇಲ್ಲ."

ತನಿಖೆ ನಡೆಯಿತು. ಮಳೆಯನ್ನು ಅಪರಾಧಿ ಮಾಡಿ ಕೈತೊಳೆದುಕೊಂಡರು. ಮಳೆಗೇನು, ಬಾಯಿದೆಯೇ, ಇಲ್ಲ ಎನ್ನಲು? ಮರಳು ನುಂಗಿದವನು, ಬಿಲ್ಲು ಪಾಸು ಮಾಡಿದವನು, ಬಿರುಕಿಗೆ ಬಣ್ಣ ಹೊಡೆಸಿದವನು ಎಲ್ಲರೂ ಹೊದ್ದು ಮಲಗಿದ್ದಾರೆ. ನಿದ್ದೆಗೆಟ್ಟಿರುವವರು ಇವರೊಬ್ಬರೇ.

ಕೊಡ ಹಿಡಿದು ಬಂದವಳು ಅದೇ ಚಹಾದವನ ಹೆಂಡತಿ. ಗಂಡ ಹೋದ ಮೇಲೆ ಕಡಿಮೆ ಬಾಡಿಗೆಯೆಂದು ಈ ಕಟ್ಟಡಕ್ಕೆ ಬಂದಳು. ತಪ್ಪೊಪ್ಪಿಕೊಳ್ಳಲು ಮೇಷ್ಟ್ರೂ ಹಿಂದೆಯೇ ಬಂದರು.

"ಮುಖದ ಮೇಲೆ ಬಾಗಿಲು ಹಾಕಿದೆ" ಎನ್ನುತ್ತಾಳೆ ಆಕೆ. "ಸಂಜೆ ನೋಡ್ತೀನಿ, ಮೆಟ್ಟಿಲ ಮೇಲೇ ಕೂತಿದ್ದಾರೆ! ಕಂಬ ನೋಡ್ತಿದ್ದಾರೆ. ನಮ್ಮ ಗ್ರಹಚಾರ, ಇಲ್ಲೂ ಒಂದು ಬಿರುಕು."

ಅಂದಿನಿಂದ ಪ್ರತಿ ಬೆಳಿಗ್ಗೆ ಮೇಷ್ಟ್ರು ಬರುತ್ತಾರೆ. ಗಾಜು ಬಹುಕಾಲ ಗಟ್ಟಿಯಾಗಿಯೇ ಇತ್ತು. ಕಳೆದ ವಾರ ಒಡೆಯಿತು. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ನೋಡಲು ಈಗ ಅಂಟಿಸಿದ್ದು ಹೊಸದು.

ಮರುದಿನ ಮುಂಜಾನೆ ಅದೂ ಎರಡು ಹೋಳು.

ಮೇಷ್ಟ್ರು ಬಾಗಿಲು ಬಾಗಿಲು ಬಡಿಯುತ್ತಾರೆ. "ಏಳ್ರಪ್ಪಾ, ಕೆಳಗಿಳೀರಿ!" ಜೀವಮಾನವಿಡೀ ಪಾಠ ಮಾಡಿದ ಗಂಟಲು ಒಡೆದು ಕೀಚಲಾಗುತ್ತದೆ. ಎರಡನೇ ಮಹಡಿಯ ದರ್ಜಿ ರೇಗುತ್ತಾನೆ: "ಹೊಲಿಗೆ ಮೆಷಿನ್ ತಲೆ ಮೇಲೆ ಹೊತ್ಕೊಂಡು ಎಲ್ಲಿಗ್ ಹೋಗ್ಲಿ, ನಿಮ್ಮ ಮನೆಗಾ?" ಮಾಲೀಕ ಲುಂಗಿ ಕಟ್ಟಿಕೊಳ್ಳುತ್ತ ಓಡಿಬರುತ್ತಾನೆ: "ನಮ್ಮಪ್ಪ ಕಟ್ಟಿಸಿದ್ದು ರೀ ಇದು. ಬೀಳ್ಲಿಲ್ಲ ಅಂದ್ರೆ ಬಾಡಿಗೆ ನೀವ್ ಕೊಡ್ತೀರಾ?"

ಯಾರೂ ಅಲುಗುವುದಿಲ್ಲ. ಆಗ ಚಹಾದವನ ಹೆಂಡತಿ ಒಲೆ ಹಿಡಿದು ಇಳಿದು ಬರುತ್ತಾಳೆ. ಅಂಗಳದಲ್ಲಿ ನಿಂತು ಮೇಲಕ್ಕೆ ಕೂಗುತ್ತಾಳೆ:

"ಇಳೀರೋ! ಈ ಮನುಷ್ಯ ಸುಳ್ಳು ಹೇಳಿದೋರಲ್ಲ. ಹೇಳ್ದೇ ಇದ್ದು ನನ್ನ ಗಂಡನ್ನ ಕಳೆದೋರು. ಇವತ್ತು ಹೇಳ್ತಿದ್ದಾರೆ, ಇಳೀರಿ!"

ಒಬ್ಬೊಬ್ಬರೇ ಇಳಿಯುತ್ತಾರೆ. ಹಾಸಿಗೆ ಸುರುಳಿ, ಪಾತ್ರೆ, ಮಕ್ಕಳು. ದರ್ಜಿಯ ಮೆಷಿನ್ನಿನ ಒಂದು ಕಡೆಗೆ ಮಾಲೀಕನೇ ಕೈಕೊಟ್ಟಿದ್ದಾನೆ.

ಎದುರಿನ ಕಾಲುದಾರಿಯಲ್ಲಿ ಒಲೆ ಹೊತ್ತಿದೆ. ಕಟ್ಟಡ ನಿಂತೇ ಇದೆ. ಆಗಲೇ ಗೊಣಗಾಟ ಶುರುವಾಗಿದೆ: "ಹುಚ್ಚು ಮುದುಕ, ನಿದ್ದೆ ಹಾಳು ಮಾಡ್ದ." ಆಕೆ ಚಹಾದ ಲೋಟವನ್ನು ಮೇಷ್ಟ್ರ ಮುಂದಿಡುತ್ತಾಳೆ. "ಕ್ಷಮಿಸಿದ್ದೀನಿ ಅಂದ್ಕೋಬೇಡಿ. ಚಳಿ ಇದೆ, ಕುಡೀರಿ."

ಮೇಷ್ಟ್ರು ಲೋಟ ಮುಟ್ಟುವುದಿಲ್ಲ. ಕಣ್ಣು ಕಂಬದ ಮೇಲೆಯೇ ಇದೆ. ಈಗ ಏನು ಬೇಕು ನಿಮಗೆ ಎಂದು ಆಕೆ ಕೇಳಿದರೆ ಹೇಳುತ್ತಾರೆ:

"ಬೀಳದೇ ಇದ್ರೆ ಸಾಕು. ರಿಪೇರಿ ಆಗ್ಲಿ, ಎಲ್ಲರೂ ವಾಪಸ್ ಮನೆ ಸೇರ್ಲಿ. ನಾನು ಸಾಯೋವರೆಗೂ ಹೀಗೇ ಬೈತಾ ಇರ್ಲಿ."