ಎಡಗೆನ್ನೆಯ ಕ್ಷೌರ

ನನ್ನ ಬಾಯಿಯ ಕ್ಯಾನ್ಸರ್ ವಾಸಿಯಾದದ್ದು ತಮ್ಮಿಂದಲೇ ಎಂದು ಹೇಳಿಕೊಂಡು ತಿರುಗುವವರು ತಿಪಟೂರಿನಲ್ಲಿ ನಾಲ್ಕೈದು ಜನರಿದ್ದಾರೆ. ಅತ್ತಿಗೆ ಹರಕೆ ಹೊತ್ತದ್ದಕ್ಕೆ ಉಳಿದೆನಂತೆ. ದಿನಾ ಎಳನೀರು ಕುಡಿದದ್ದಕ್ಕೆ ಉಳಿದೆನಂತೆ. ನಮ್ಮೂರ ಸ್ಮಶಾನದಲ್ಲಿ ಮಲಗಿರುವವರೆಲ್ಲ ಎಳನೀರು ಕುಡಿದವರೇ. ಹಾಲ್ಕುರಿಕೆಯ ಬೀಗರು ತಾವು ಕೊಟ್ಟ ಬೇರಿನ ಪುಡಿಯ ಮಹಿಮೆ ಎನ್ನುತ್ತಾರೆ. ಆ ಪುಡಿಯನ್ನು ನಾನು ಹಿತ್ತಲ ತೆಂಗಿನ ಬುಡಕ್ಕೆ ಸುರಿದೆ. ಮರ ಚೆನ್ನಾಗಿದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು, ನನ್ನ ಗೆಳೆಯ ಪಾಲುದಾರಿಕೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದೆವು. ಇಬ್ಬರಿಗೂ ಒಂದೇ ಮಂಡಿ, ಒಂದೇ ಹೊಗೆಸೊಪ್ಪಿನ ಕಡ್ಡಿಪುಡಿ ಡಬ್ಬಿ. ಕೊಬ್ಬರಿಯನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಒಳಗೆ ಕೌಟು ಹಿಡಿದಿದೆಯೇ ಎಂದು ಹೇಳಿಬಿಡುವ ಮೇಧಾವಿಗಳು. ಆ ಮೂಗಿನ ಕೆಳಗೇ ಇದ್ದ ನಮ್ಮ ಬಾಯಿಗಳ ವಿಷಯ ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ಅವನು ಹೊಸ ರೇಜರ್ ತಂದು ಮನೆಯಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದ. ವಾರಕ್ಕೆರಡು ಸಲ ಕ್ಷೌರದಂಗಡಿಯಲ್ಲಿ ಮುಖ ಒಡ್ಡಿ ಕೂರುವ ನಾನು ಅವನ ಲೆಕ್ಕದಲ್ಲಿ ಹಳ್ಳಿ ಗಮಾರ.

ಒಂದು ಬೆಳಿಗ್ಗೆ ಕ್ಷೌರಿಕ ನನ್ನ ಬಲಗೆನ್ನೆ ಮುಗಿಸಿ, ಹೆಬ್ಬೆರಳಿನಿಂದ ಎಡಗೆನ್ನೆ ಎಳೆದು ಹಿಡಿದಾಗ ನಾನು ನೋವಿಗೆ ಕುರ್ಚಿ ಬಿಟ್ಟು ಎದ್ದೆ. ಅವನು ಬಾಯಿ ತೆರೆಸಿ ನೋಡಿದ. ಒಳಗೆ ಎರಡು ತಿಂಗಳಿಂದ ಹುಣ್ಣಿತ್ತು. ಸುಣ್ಣ ಹೆಚ್ಚಾಗಿ ಸುಟ್ಟಿರಬೇಕೆಂದು ತೀರ್ಮಾನಿಸಿ ಕಡ್ಡಿಪುಡಿಯನ್ನು ಬಲಗೆನ್ನೆಗೆ ವರ್ಗ ಮಾಡಿದ್ದೆ. ಅದೇ ನನ್ನ ಚಿಕಿತ್ಸೆ. ಅವನು ಎಡಗೆನ್ನೆಯ ನೊರೆಯನ್ನಷ್ಟೇ ಒರೆಸಿ ಕತ್ತಿ ಮಡಚಿಟ್ಟ.

"ಇದು ಸುಣ್ಣದ ಗಾಯ ಅಲ್ಲ ಕಣ್ರೀ ಯಜಮಾನ್ರೇ. ಡಾಕ್ಟ್ರಿಗೆ ತೋರ್ಸಿ ಬನ್ನಿ. ಅಲ್ಲೀಗಂಟ ಈ ಕೆನ್ನೆ ನಾನು ಮುಟ್ಟಾಕಿಲ್ಲ."

ಬೈದೆ. ಇನ್ನು ಮೇಲೆ ನಿನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದೆ. ಹತ್ತಬೇಡಿ, ಆದರೆ ತೋರಿಸಿ ಎಂದ. ಪಕ್ಕದ ಬೀದಿಯ ಅಂಗಡಿಗೆ ಹೋದರೆ ಅಲ್ಲಿದ್ದವನು ಇವನ ಭಾವಮೈದುನ. ನನಗಿಂತ ಮೊದಲೇ ಸುದ್ದಿ ಅಲ್ಲಿಗೆ ಹೋಗಿತ್ತು. ಗೆಳೆಯ ತನ್ನ ರೇಜರ್ ಕೊಟ್ಟ. ಕೆನ್ನೆ ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಎರಡು ದಿನಕ್ಕೆ ತಂಗಿಯ ಮಗಳ ನಿಶ್ಚಿತಾರ್ಥ. ಅರ್ಧ ಗಡ್ಡದ ಸೋದರಮಾವನನ್ನು ಬೀಗರ ಮುಂದೆ ನಿಲ್ಲಿಸಲು ತಂಗಿ ಒಪ್ಪಲಿಲ್ಲ. ಹೀಗೆ ನಾನು ಡಾಕ್ಟರ ಬಳಿ ಹೋದದ್ದು ಜೀವದಾಸೆಯಿಂದಲ್ಲ, ಗಡ್ಡದ ಕಾಟಕ್ಕೆ.

ಅವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕೆನ್ನೆಯೊಳಗೆ ಕೊಯ್ದು ತೆಗೆದರು, ರೇಡಿಯೇಶನ್ ಕರೆಂಟು ಕೊಟ್ಟರು. ಗಂಟು ಚಿಕ್ಕದು, ಕುತ್ತಿಗೆಗೆ ಇಳಿದಿಲ್ಲ, ಹೀಗೆ ಬೇಗ ಬಂದವರು ಬದುಕಿಕೊಳ್ಳುವುದೇ ಹೆಚ್ಚು, ಇನ್ನು ಕಡ್ಡಿಪುಡಿ ಮುಟ್ಟಬೇಡಿ ಎಂದ ಡಾಕ್ಟರು ನನ್ನ ಎಚ್ಚರವನ್ನು ಮೆಚ್ಚಿಕೊಂಡರು. ಆ ಮೆಚ್ಚುಗೆಯನ್ನು ನಾನು ನಾಚಿಕೆಯಿಲ್ಲದೆ ಪಡೆದುಕೊಂಡೆ.

ಮತ್ತೆ ಮಂಡಿಗೆ ಬಂದು ಕೂತ ಮೇಲೆ ಒಂದು ದಿನ ಗಮನಿಸಿದೆ. ಯಾವಾಗಲೂ ಬಲಗೆನ್ನೆಯಲ್ಲಿ ಉಬ್ಬಿರುತ್ತಿದ್ದ ಗೆಳೆಯನ ಕಡ್ಡಿಪುಡಿ ಈಗ ಎಡಗೆನ್ನೆಯಲ್ಲಿತ್ತು. ಆ ವರ್ಗಾವಣೆಯ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿ ತೆಗಿ, ನೋಡೋಣ ಎಂದೆ.

"ಹಲ್ಲುನೋವು ಕಣ್ಲಾ, ಬುಡು" ಎಂದ.

ಬಿಟ್ಟೆ. ಇನ್ನೊಮ್ಮೆ ಕೇಳಿದಾಗ ಮುಖ ಗಂಟಿಕ್ಕಿಕೊಂಡು, ಒಂದು ಸಲ ಬೆಂಗಳೂರಿಗೆ ಹೋಗಿ ಬಂದು ನೀನೇ ಡಾಕ್ಟರಾದೆಯಾ ಎಂದ. ಆಗಲೂ ಬಿಟ್ಟೆ. ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಅವನನ್ನು ಅದೇ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಈ ಸಲ ಅವರು ಯಾರನ್ನೂ ಮೆಚ್ಚಿಕೊಳ್ಳಲಿಲ್ಲ. ವರ್ಷ ತುಂಬುವುದರೊಳಗೆ ಅವನು ಹೋದ.

ನಾನು ಈಗಲೂ ಅದೇ ಕ್ಷೌರಿಕನ ಕುರ್ಚಿಯಲ್ಲಿ ಕೂರುತ್ತೇನೆ. ಅವನ ಹೆಬ್ಬೆರಳು ಎಡಗೆನ್ನೆಗೆ ಬಂದಾಗಲೆಲ್ಲ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಗಿರಾಕಿ ಹೋದರೆ ಹೋಗಲಿ ಎಂದು ಅವನು ಕತ್ತಿ ಮಡಚಿದ. ಗೆಳೆತನ ಕೆಡಬಾರದೆಂದು ನಾನು ಬಾಯಿ ಮುಚ್ಚಿಕೊಂಡೆ. ಗೆಳೆತನ ಕೊನೆಯವರೆಗೂ ಕೆಡಲಿಲ್ಲ.