ಅತ್ತಿಗೆ ಮಾಡದ ಕೇಕು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ನನ್ನ ಅತ್ತಿಗೆಯ ಪಕ್ಕದಲ್ಲಿ ಒಂದು ವಾರ ಕೂತು, ಅವರ ಫೋನಿಗೆ ಬರುವ ಮಾತುಗಳನ್ನು ಕೇಳಿಸಿಕೊಂಡ ಮೇಲೂ ತಣ್ಣಗೆ ಇರಬಲ್ಲವರು ಯಾರಾದರೂ ಇದ್ದರೆ ಬಂದು ನನಗೆ ಬುದ್ಧಿ ಹೇಳಲಿ, ಕೈಕಟ್ಟಿ ಕೇಳುತ್ತೇನೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮನೆಯಲ್ಲೇ ಕೇಕು ಮಾಡಿ ಮಾರುತ್ತಾರೆ. ಅವರಿರುವುದು ಮೇಲಿನ ಮಹಡಿಯಲ್ಲಿ, ನಾನು ಕೆಳಗೆ. ಬೆಳಿಗ್ಗೆ ಅವರ ಓವನ್ ಬಿಸಿಯಾಯಿತೆಂದರೆ ವೆನಿಲಾ ಪರಿಮಳ ಮೆಟ್ಟಿಲಿಳಿದು ನನ್ನ ಹೊಲಿಗೆ ಯಂತ್ರದವರೆಗೂ ಬರುತ್ತದೆ. ನಾನು ಬಟ್ಟೆ ಹೊಲಿಯುವವಳು. ಅದರ ನಡುವೆ ಅತ್ತಿಗೆಯ ಕೇಕುಗಳನ್ನು ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸುವ ಕೆಲಸವೂ ನನ್ನದೇ. ಪೆಟ್ಟಿಗೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ರಸ್ತೆಯ ಪ್ರತಿಯೊಂದು ಉಬ್ಬಿನಲ್ಲೂ ಉಸಿರು ಬಿಗಿಹಿಡಿದು ಹೋಗುತ್ತೇನೆ. ಹಾಗಾಗಿ ಯಾವ ಕೇಕು ಯಾವ ಸ್ಥಿತಿಯಲ್ಲಿ ಯಾರ ಕೈ ಸೇರಿತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವರು ಕೆಲಸ ಮಾಡುವುದನ್ನು ನೋಡಬೇಕು. ಒಂದೊಂದೇ ಮೊಟ್ಟೆಯನ್ನು ಸಣ್ಣ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿಯುತ್ತಾರೆ. ಓವನ್ನಿನ ಬಾಗಿಲು ಹಳೆಯದಾಗಿ ಸಡಿಲವಾಗಿದೆ, ಹಿಡಿಗೆ ಮರದ ಸೌಟು ಸಿಕ್ಕಿಸಿ ಭದ್ರ ಮಾಡುತ್ತಾರೆ. ಕೇಕು ಬೆಂದಿದೆಯೋ ಇಲ್ಲವೋ ಎಂದು ನೋಡಲು ಕಡ್ಡಿ ಚುಚ್ಚುವುದಿಲ್ಲ. ಟಿನ್ನನ್ನು ಕಿವಿಯ ಹತ್ತಿರ ಹಿಡಿದು, ಒಳಗಿನ ಸಣ್ಣ ಚಟಪಟ ನಿಂತಿದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. ಕ್ರೀಮು ಹಚ್ಚುವಾಗ ಮನೆಗೆ ಬೆಂಕಿ ಬಿದ್ದರೂ ತುಟಿ ಪಿಟಕ್ಕೆನ್ನುವುದಿಲ್ಲ. ಇಂಥವರ ಕೈಯ ಕೇಕನ್ನು ಚಪ್ಪರಿಸಿಕೊಂಡು ತಿಂದು, ಬೆರಳು ನೆಕ್ಕಿ, ಆಮೇಲೆ ಅದೇ ಬೆರಳಿನಿಂದ "ದುಡ್ಡು ವಾಪಸ್ ಕೊಡಿ" ಎಂದು ಬರೆಯುವವರಿಗೆ ಏನೆನ್ನಬೇಕು?

ತಪ್ಪು ಅತ್ತಿಗೆಯದೂ ಇದೆ, ಇಲ್ಲ ಎನ್ನುವುದಿಲ್ಲ. ಮದುವೆಯಾಗಿ ಬರುವ ಮೊದಲಿನಿಂದಲೂ ಅವರು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕೊಂಡ ಬಟ್ಟೆಯನ್ನು ಜನ ವಾಪಸ್ ತಂದುಕೊಡುತ್ತಾರಲ್ಲ, ಆ ಕೌಂಟರಿನಲ್ಲಿ. ಅಲ್ಲಿನ ಯಜಮಾನರು ಅವರಿಗೆ ಕಲಿಸಿದ ಮೊದಲ ಪಾಠ, ಗಿರಾಕಿ ಬಾಯಿ ತೆರೆಯುವ ಮೊದಲೇ ಕ್ಷಮಿಸಿ ಅನ್ನಬೇಕು, ಏನಾಯಿತು ಎಂದು ಆಮೇಲೆ ಕೇಳಬೇಕು. ವರ್ಷಗಟ್ಟಲೆ ಹಾಗೆ ಅಂದೂ ಅಂದೂ ಅದು ಅವರ ನಾಲಿಗೆಗೆ ಅಂಟಿಕೊಂಡುಬಿಟ್ಟಿತು. ಅಂಗಡಿ ಮುಚ್ಚಿತು, ಅತ್ತಿಗೆ ಮನೆಯಲ್ಲಿ ಓವನ್ ಹಚ್ಚಿದರು, ನಾಲಿಗೆ ಮಾತ್ರ ಅದೇ.

"ಅತ್ತಿಗೆ, ಅಲ್ಲಿ ಅಂಗಿ ವಾಪಸ್ ಬರ್ತಿತ್ತು. ಮಡಚಿ ಮತ್ತೆ ಕಪಾಟಿನಲ್ಲಿ ಇಡ್ತಿದ್ರಿ. ಇಲ್ಲಿ ಕೇಕ್ ಯಾರ ಹೊಟ್ಟೆಯಿಂದ ವಾಪಸ್ ಬರುತ್ತೆ?" ಎಂದು ನಾನು ತಲೆ ಚಚ್ಚಿಕೊಂಡದ್ದುಂಟು.

"ಹೋಗ್ಲಿ ಬಿಡೇ, ನಾಲ್ಕು ಜನ ನಾಲ್ಕು ಮಾತಾಡ್ಬಾರ್ದು," ಎನ್ನುತ್ತಿದ್ದರು.

ನಾಲ್ಕು ಜನ ಮಾತಾಡಿಕೊಂಡರು. ಆದರೆ ಅತ್ತಿಗೆ ಎಣಿಸಿದ ಹಾಗಲ್ಲ. ಕೇಳಿದರೆ ಸಾಕು, ಕೊಟ್ಟುಬಿಡುತ್ತಾರೆ ಎಂದು ಬೀದಿಯಲ್ಲಿ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋಯಿತು. ಅಲ್ಲಿಂದ ಶುರುವಾಯಿತು ನೋಡಿ. ಮೂಲೆಮನೆಯ ನಿವೃತ್ತ ಬ್ಯಾಂಕಿನವರು ಇಡೀ ಕೇಕು ಮುಗಿಸಿ, ಸಕ್ಕರೆ ಜಾಸ್ತಿಯಾಗಿತ್ತು ಎಂದು ಫೋನು ಮಾಡಿದರು. ಮೊದಲನೇ ತುಂಡಿನಲ್ಲಿ ಗೊತ್ತಾಗದ ಸಕ್ಕರೆ ಕೊನೆಯ ತುಂಡಿನಲ್ಲಿ ಗೊತ್ತಾಯಿತಂತೆ! ಇನ್ನೊಬ್ಬಾಕೆ ಕೇಕನ್ನು ಕಾರಿನ ಹಿಂದಿನ ಗಾಜಿನ ಕೆಳಗಿಟ್ಟುಕೊಂಡು, ಸುಡುಬಿಸಿಲಿನಲ್ಲಿ ಬೇರೆ ಊರಿಗೆ ಹೋಗಿ, ಕ್ರೀಮು ಕರಗಿದೆ ಎಂದು ಗಲಾಟೆ ಮಾಡಿದರು. ಕೆಂಪು ಕಾರಿನ ಕೇಕು ಬೇಕೆಂದು ತಾವೇ ಹೇಳಿ ಮಾಡಿಸಿಕೊಂಡವರು, ಮಗುವಿಗೆ ನೀಲಿ ಕಾರು ಬೇಕಿತ್ತಂತೆ, ಅತ್ತುಬಿಟ್ಟಿತು, ಏನಾದರೂ ಕಡಿಮೆ ಮಾಡಿ ಎಂದರು. ಒಬ್ಬರಂತೂ ಮಳೆ ಬಂದು ನೆಂಟರು ಬರಲಿಲ್ಲ, ಕೇಕು ಉಳಿಯಿತು, ಉಳಿದದ್ದರ ದುಡ್ಡು ಕೊಡಿ ಎಂದರು. ಮಳೆಯನ್ನೂ ನನ್ನ ಅತ್ತಿಗೆಯೇ ಬೇಯಿಸಿ ಕಳಿಸಿದ್ದರೇನು?

ಅತ್ತಿಗೆ ಎಲ್ಲರಿಗೂ ಕ್ಷಮಿಸಿ ಅಂದರು. ಎಲ್ಲರಿಗೂ ಕೊಟ್ಟರು.

ದುಡ್ಡು ಹೋದದ್ದಕ್ಕೆ ನನಗೆ ಇಷ್ಟು ಉರಿಯಲಿಲ್ಲ. ಕೊಡುತ್ತಾ ಕೊಡುತ್ತಾ ಅವರಲ್ಲೇ ಏನೋ ಕುಸಿಯತೊಡಗಿತು, ಅದನ್ನು ನೋಡಲಾಗಲಿಲ್ಲ. ಇಷ್ಟು ಜನ ಚೆನ್ನಾಗಿಲ್ಲ ಎನ್ನುವಾಗ ತಮ್ಮ ಕೈಯಲ್ಲೇ ದೋಷವಿರಬೇಕು ಎಂದು ನಂಬಿಕೊಂಡುಬಿಟ್ಟರು. ಮೊದಲು ಕಣ್ಣಳತೆಯಲ್ಲೇ ಮೈದಾ ಹಾಕುತ್ತಿದ್ದವರು ಈಗ ತೂಗಿದ್ದನ್ನೇ ಮತ್ತೆ ತೂಗುತ್ತಿದ್ದರು. ಓವನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಾಜಿನೊಳಗೆ ಇಣುಕುತ್ತಿದ್ದರು. ಮೆಟ್ಟಿಲ ತುದಿಯಿಂದ ನನ್ನನ್ನು ಕೂಗಿ, ಸಣ್ಣ ತುಂಡನ್ನು ಬಾಯಿಗಿಟ್ಟು, "ನಿಜ ಹೇಳು, ಸರಿ ಇದೆಯಾ?" ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದರೆ, "ನೀನು ಮನೆಯವಳು, ಹಾಗೇ ಅಂತೀಯ," ಎಂದು ಮುಖ ತಿರುಗಿಸುತ್ತಿದ್ದರು. ಇನ್ನು ಸ್ವಲ್ಪ ದಿನ ಹೀಗೇ ಹೋದರೆ ಈ ಹೆಂಗಸು ಓವನ್ ಮುಚ್ಚಿ ಕೂರುತ್ತಾರೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆಗ ಬಂದದ್ದು ಫೋಟೋ ಮೇಡಂ ಕಾಟ.

ಫೋಟೋ ಮೇಡಂ ಎಂದು ಹೆಸರಿಟ್ಟದ್ದು ನಾನೇ. ಎದುರಿನ ಕಟ್ಟಡದಲ್ಲಿದ್ದಾರೆ. ತಟ್ಟೆಯಲ್ಲಿ ಏನೇ ಬಿದ್ದರೂ ಮೊದಲು ಫೋನಿಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಒಂದು ಮಧ್ಯಾಹ್ನ ನಾನು ಖಾಲಿ ಪೆಟ್ಟಿಗೆಗಳನ್ನು ಮೇಲಿಡಲು ಹೋದಾಗ ಅತ್ತಿಗೆ ಫೋನು ಹಿಡಿದು ನಿಂತಿದ್ದರು.

"ಫೋಟೋ ಮೇಡಂಗೆ ಕೇಕ್ ಸರಿ ಹೋಗ್ಲಿಲ್ವಂತೆ. ದುಡ್ಡು ಕಳಿಸ್ಬಿಟ್ಟೆ," ಅಂದರು.

"ಯಾವ ಕೇಕ್? ಈ ತಿಂಗಳು ನಾನು ಅವ್ರ ಮನೆಗೆ ಹೋಗೇ ಇಲ್ವಲ್ಲ."

"ಅವ್ರೇ ಬಂದು ತಗೊಂಡು ಹೋಗಿರ್ಬೇಕು."

ಫೋನು ಕಸಿದುಕೊಂಡು ಆಕೆ ಕಳಿಸಿದ್ದ ಚಿತ್ರ ನೋಡಿದೆ. ಚಾಕೊಲೇಟ್ ಕೇಕು, ನಡುವೆ ಹಳ್ಳ ಬಿದ್ದಂತೆ ಕುಸಿದಿದೆ. ಮೇಲೆ ನೇರಳೆ ಬಣ್ಣದ ಗುಲಾಬಿಗಳು, ಒಂದೊಂದೂ ಎಲೆಕೋಸಿನಷ್ಟು ದಪ್ಪ. ನನ್ನ ಅತ್ತಿಗೆ ಜನ್ಮದಲ್ಲಿ ನೇರಳೆ ಬಣ್ಣ ಮುಟ್ಟಿದವರಲ್ಲ.

"ಅತ್ತಿಗೆ, ಸರಿಯಾಗಿ ನೋಡಿ ಹೇಳಿ. ಇದು ನಿಮ್ಮ ಕೈಯದ್ದಾ?"

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಇರ್ಬಹುದೇನೋ ಕಣೇ. ಇತ್ತೀಚೆಗೆ ನಾನು ಏನು ಮಾಡ್ತೀನೋ ನನಗೇ ತಿಳಿಯಲ್ಲ."

ಬೈಯಲು ಬಂದವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ತಾಯಿ ತನ್ನ ಮಗುವಿನ ಗುರುತು ಸಿಗದೆ ಇನ್ನೊಬ್ಬರ ಮಗುವಿನ ತಪ್ಪಿಗೆ ಕೈಮುಗಿದ ಹಾಗೆ ಇತ್ತು ಅದು. ಅತ್ತಿಗೆಯನ್ನು ಈ ಗತಿಗೆ ತಂದವರ ಮೇಲೆಲ್ಲ ನನಗೆ ಆ ಕ್ಷಣ ಬಂದ ಸಿಟ್ಟಿಗೆ ಆ ಅಡುಗೆಮನೆ ಸಾಲುತ್ತಿರಲಿಲ್ಲ.

ಅದೇ ಸಂಜೆಯೊಳಗೆ ಇನ್ನೂ ಒಂದು ನಡೆಯಿತು. ನಮ್ಮ ಬೀದಿಯವರೆಲ್ಲ ಸೇರಿರುವ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಮೇಡಂ ಆ ಹಾಳು ಕೇಕಿನ ಚಿತ್ರ ಹಾಕಿ, ಕೆಳಗೆ ಬರೆದಿದ್ದರು: "ಎದುರುಮನೆಯವರ ಕೇಕ್ ತಿನ್ನೋ ಹಾಗಿರಲಿಲ್ಲ. ಆದರೆ ಒಂದು ಮಾತೂ ಆಡದೆ ದುಡ್ಡು ವಾಪಸ್ ಕೊಟ್ಟರು. ತುಂಬಾ ಒಳ್ಳೆಯವರು." ಹೊಗಳಿಕೆಯಂತೆ! ಅದರ ಕೆಳಗೆ ಬ್ಯಾಂಕಿನವರು, "ದುಡ್ಡು ಕೊಟ್ಟರು ಅಂದಮೇಲೆ ತಪ್ಪು ಒಪ್ಪಿಕೊಂಡ ಹಾಗೆಯೇ," ಎಂದು ತೀರ್ಪು ಬರೆದರು. ಸ್ವಲ್ಪ ಹೊತ್ತಿಗೆ ಹತ್ತಿರದ ಶಿಶುವಿಹಾರದ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು. ವಾರ್ಷಿಕೋತ್ಸವಕ್ಕೆ ಮಕ್ಕಳಿಗೆಲ್ಲ ಕಪ್ ಕೇಕ್ ಅತ್ತಿಗೆಯೇ ಮಾಡಬೇಕೆಂದು ಮಾತಾಗಿತ್ತು. ಅದಕ್ಕಾಗಿ ಅತ್ತಿಗೆ ಹೊಸ ಟ್ರೇಗಳನ್ನು ತಂದು ತೊಳೆದು ಬೋರಲು ಹಾಕಿದ್ದರು.

"ಮಕ್ಕಳ ವಿಷಯ ನೋಡಿ, ರಿಸ್ಕ್ ಬೇಡ ಅಂತ ಎಲ್ಲರೂ ಅಂತಿದ್ದಾರೆ," ಎಂದಿತು ಆ ಕಡೆಯ ದನಿ.

"ಸರಿ ಮೇಡಂ. ಕ್ಷಮಿಸಿ," ಅಂದರು ಅತ್ತಿಗೆ. ತಮ್ಮ ಅನ್ನ ಕಿತ್ತುಕೊಂಡವರಿಗೂ ಕ್ಷಮಿಸಿ!

ನಾನು ಅವರ ಕೈ ಹಿಡಿದು ದರದರನೆ ಎಳೆದುಕೊಂಡು ರಸ್ತೆ ದಾಟಿದೆ. ಮೈದಾ ಮೆತ್ತಿದ ಏಪ್ರನ್ ಬಿಚ್ಚುವುದಕ್ಕೂ ಬಿಡಲಿಲ್ಲ. ಫೋಟೋ ಮೇಡಂ ಬಾಗಿಲು ತೆರೆದು, ನೆಂಟರು ಬಂದ ಹಾಗೆ ನಕ್ಕರು.

"ಆ ಕೇಕ್ ನೀವು ಎಲ್ಲಿಂದ ತಂದಿದ್ದು?" ನಾನು ನೇರವಾಗಿ ಕೇಳಿದೆ.

"ನಮ್ಮನೆಯವ್ರು ತಂದಿದ್ದು. ಈ ಕಡೆ ಕೇಕ್ ಅಂದ್ರೆ ಇವರೇ ಅಲ್ವಾ?"

ಒಳಗಿನಿಂದ ಅವರ ಗಂಡ, ಟೀವಿಯಿಂದ ಕಣ್ಣು ಕೀಳದೆ, "ಆಸ್ಪತ್ರೆ ಪಕ್ಕದ ಬೇಕರಿಯಿಂದ ತಂದೆ ಅಂತ ಅವತ್ತೇ ಹೇಳಿದ್ನಲ್ಲ," ಎಂದು ಕೂಗಿದರು.

ಈಗ ಈ ಹೆಂಗಸಿನ ಮುಖ ಸಣ್ಣದಾಗುತ್ತದೆ ಎಂದು ನಾನು ಕಾದೆ. ಎಲ್ಲಿ ಬಂತು? "ಓ, ಹೌದಾ?" ಅಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಅಲ್ಲ, ನಿಮ್ಮದಲ್ಲ ಅಂದ್ಮೇಲೆ ನೀವು ಯಾಕೆ ದುಡ್ಡು ಕೊಟ್ರಿ? ಒಂದು ಮಾತು ಕೇಳ್ಬಾರ್ದಾ? ಹೋಗ್ಲಿ, ಮುಂದಿನ ಆರ್ಡರ್ ಬಿಲ್ಲಿಗೆ ಸೇರಿಸ್ಕೊಳ್ಳಿ," ಎಂದರು. ತಾವೇ ಉಪಕಾರ ಮಾಡಿದ ಹಾಗೆ!

ನಾನು ಬಾಯಿ ತೆರೆದೆ. ಏನು ಬರುತ್ತಿತ್ತೋ ದೇವರಿಗೇ ಗೊತ್ತು. ಅಷ್ಟರಲ್ಲಿ ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು. ನನ್ನನ್ನು ಮನೆಗೆ ಎಳೆದುಕೊಂಡು ಹೋಗಲು ಅಂದುಕೊಂಡೆ, ಅದಲ್ಲ.

"ಗುಂಪಿನಲ್ಲಿ ಬರೀತೀರಾ, ಅದು ನನ್ನ ಕೇಕ್ ಅಲ್ಲ ಅಂತ?" ಅತ್ತಿಗೆ ಕೇಳಿದರು.

"ಅಯ್ಯೋ, ಈಗ ಬರೆದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಬೇಕಾದ್ರೆ ದುಡ್ಡು ಕಳಿಸ್ತೀನಿ ಬಿಡಿ."

"ದುಡ್ಡು ಬೇಡ. ಬರೀರಿ."

"ಇಷ್ಟಕ್ಕೆಲ್ಲ ಯಾಕೆ ದೊಡ್ಡದು ಮಾಡ್ತೀರಾ..." ಎನ್ನುತ್ತಾ ಬಾಗಿಲು ಅರ್ಧ ಮುಚ್ಚಿಕೊಂಡಿತು.

ನಾವು ಅವರ ಮೆಟ್ಟಿಲು ಇಳಿಯುವಷ್ಟರಲ್ಲಿ ಅತ್ತಿಗೆಯ ಫೋನು ಸದ್ದು ಮಾಡಿತು. ದುಡ್ಡು ಬಂದಿತ್ತು. ಅತ್ತಿಗೆ ಅಲ್ಲೇ ನಿಂತು ಅದನ್ನು ವಾಪಸ್ ಕಳಿಸಿದರು. ರಸ್ತೆ ದಾಟುವಾಗ ಮತ್ತೆ ಬಂತು. ಮತ್ತೆ ಕಳಿಸಿದರು. ಜಗತ್ತಿನಲ್ಲಿ ದುಡ್ಡು ವಾಪಸ್ ಕೇಳುವವರ ಜಗಳ ನೋಡಿದ್ದೇನೆ, ಬೇಡ ಎನ್ನುವವರ ಜಗಳ ನೋಡಿದ್ದು ಅವತ್ತೇ. ನಮ್ಮಿಂದ ಕೊಳ್ಳದ ಕೇಕಿಗೆ ದುಡ್ಡು ಕೇಳಲು ನಾಚದ ಆ ಹೆಂಗಸಿಗೆ ಒಂದು ಸಾಲು ನಿಜ ಬರೆಯುವುದು ಅಷ್ಟು ಕಷ್ಟವಾಗಿತ್ತು.

ಅಣ್ಣ ಗ್ಯಾರೇಜಿನಿಂದ ಆಗಷ್ಟೇ ಬಂದು ಕೈಯ ಎಣ್ಣೆ ತೊಳೆದುಕೊಳ್ಳುತ್ತಿದ್ದ. ಎಲ್ಲ ಕೇಳಿ, ಎಂದಿನಂತೆ, "ಹೋಗ್ಲಿ ಬಿಡು," ಅಂದ. ಅವನ ಬಾಯಲ್ಲಿ ಬರುವುದು ಅದೊಂದೇ.

"ಎಷ್ಟು ಅಂತ ಹೋಗ್ಲಿ ರೀ?" ಅಂದರು ಅತ್ತಿಗೆ. ದನಿ ಏರಿಸಲಿಲ್ಲ. ಅಣ್ಣ ನಲ್ಲಿ ನಿಲ್ಲಿಸಿ ತಿರುಗಿ ನೋಡಿದ.

ಅಷ್ಟರಲ್ಲಿ ನಾನು ಕೂತು ಗುಂಪಿಗೆ ಹಾಕಲು ಒಂದು ಉದ್ದನೆಯ ಬರಹ ಸಿದ್ಧಮಾಡಿದ್ದೆ. ಫೋಟೋ ಮೇಡಂ, ಬ್ಯಾಂಕಿನವರು, ಬಿಸಿಲಿನ ಕಾರಿನಾಕೆ, ನೀಲಿ ಕಾರಿನ ತಾಯಿ, ಮಳೆಯವರು, ಒಬ್ಬರನ್ನೂ ಬಿಟ್ಟಿರಲಿಲ್ಲ. ಅತ್ತಿಗೆ ಓದಿ, ಎಷ್ಟೋ ದಿನಗಳ ಮೇಲೆ ನಕ್ಕರು. "ಇದನ್ನ ಕಳಿಸಿದ್ರೆ ನಿನ್ನ ಹತ್ರ ಬಟ್ಟೆ ಹೊಲಿಸೋಕೂ ಯಾರೂ ಬರಲ್ಲ," ಎಂದು ಪೂರ್ತಿ ಅಳಿಸಿಬಿಟ್ಟರು. ನನಗೆ ಹೊಟ್ಟೆ ಉರಿಯಿತು. ಅಷ್ಟು ಚೆನ್ನಾಗಿ ನಾನು ಇನ್ಯಾವತ್ತೂ ಬರೆದಿರಲಿಲ್ಲ.

"ಹಾಗಾದ್ರೆ ಒಂದೇ ಸಾಲು ಹಾಕಿ. ಆ ಕೇಕ್ ನಿಮ್ಮದಲ್ಲ ಅಂತ. ಅದಕ್ಕಿಂತ ಕಡಿಮೆ ನಾನು ಒಪ್ಪಲ್ಲ," ಅಂದೆ.

ಅವರು ಕೈ ತೊಳೆದು, ಒರೆಸಿಕೊಂಡು, ಆ ಚಿತ್ರವನ್ನು ಮತ್ತೆ ತೆಗೆದರು. ಎರಡು ಬೆರಳಿನಿಂದ ದೊಡ್ಡದು ಮಾಡಿದರು. ಮಧ್ಯಾಹ್ನ ಇದೇ ಚಿತ್ರದ ಮುಂದೆ ತಪ್ಪಿತಸ್ಥರ ಹಾಗೆ ನಿಂತಿದ್ದವರು ಈಗ ಕಣ್ಣು ಕಿರಿದು ಮಾಡಿ ನೋಡತೊಡಗಿದರು.

"ಒಳಗೆ ಬೆಂದೇ ಇಲ್ಲ," ಅಂದರು. "ಉಬ್ಬೋಕೆ ಮುಂಚೆ ಬಾಗಿಲು ತೆಗೆದಿದ್ದಾರೆ. ಅಂಚು ನೋಡು, ಹರಿದಿದೆ. ಟಿನ್‌ಗೆ ಬೆಣ್ಣೆ ಸರಿಯಾಗಿ ಸವರಿಲ್ಲ. ಬಿಸಿ ಇದ್ದಾಗಲೇ ಕ್ರೀಮ್ ಹಚ್ಚಿದ್ದಾರೆ." ತಲೆಯಾಡಿಸಿದರು. "ಛೆ, ಇದನ್ನ ನಾನು ಮಾಡಿದೆ ಅಂದ್ಕೊಂಡ್ನಲ್ಲ!"

ಅವರ ದನಿಯಲ್ಲಿ ಸಿಟ್ಟಿತ್ತು. ಕೇಳಲು ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ.

ಇದರಿಂದ ಶಿಶುವಿಹಾರದ ಆರ್ಡರು ಮರಳಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫೋಟೋ ಮೇಡಂ ಇವತ್ತಿನವರೆಗೂ ಏನೂ ಬರೆದಿಲ್ಲ. ಆ ಸಂಜೆ ಅತ್ತಿಗೆ ಊಟದ ಮೇಜಿನ ಮುಂದೆ ಕೂತು, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ಎರಡು ಸಾಲು ಬರೆದರು. ನನಗಾಗಲೀ ಅಣ್ಣನಿಗಾಗಲೀ ತೋರಿಸದೆ ಕಳಿಸಿದರು. ನಾನು ನನ್ನ ಫೋನಿನಲ್ಲಿ ನೋಡಿದೆ.

"ಆ ಫೋಟೋದಲ್ಲಿರುವ ಕೇಕ್ ನಾನು ಮಾಡಿದ್ದಲ್ಲ. ನಾನು ಮಾಡಿದ್ದರೆ ಹಾಗೆ ಆಗುತ್ತಿರಲಿಲ್ಲ."

ಮೊದಲನೇ ಸಾಲು ನಾನು ಹೇಳಿಕೊಟ್ಟದ್ದು. ಎರಡನೆಯದು ಅವರದ್ದೇ.